ಎರಡು ಕೊಂಬಿನ ಲೆಕ್ಕ

ಬೆಳಕು ಹರಿಯುವ ಹೊತ್ತಿಗೆ ಕಾವಲುಗಾರ ನೂರ ಹನ್ನೆರಡು ಮೆಟ್ಟಿಲು ಹತ್ತಿ ಆಗಿದೆ. ಅರವತ್ತರ ಹೊಸ್ತಿಲಲ್ಲಿದ್ದರೂ ನಡುವೆ ಕೂರುವ ಮಾತಿಲ್ಲ. ಬಂಡೆಯ ಬುಡದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಆದಿಮಾನವರು ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳನ್ನು ಎಣಿಸುತ್ತಾರೆ. ಗೂಳಿ, ಬಿಲ್ಲುಗಾರ, ಕೈಕೈ ಹಿಡಿದು ಕುಣಿಯುವವರು, ಒಟ್ಟು ನಲವತ್ತಮೂರು. ಸಾವಿರಾರು ವರ್ಷ ಕದಲದವು ಒಂದೇ ರಾತ್ರಿಯಲ್ಲಿ ಎಲ್ಲಿಗೆ ಹೋದಾವು ಎಂದರೆ ಅವರು ನಗುವುದಿಲ್ಲ.

"ಹೋಗ್ತವೆ. ಒಂದನ್ನ ನಾನೇ ಕಳಿಸಿದೀನಿ."

ಎಲ್ಲರ ಬಾಯಲ್ಲೂ ಇವರು ಬಂಡೆಯಣ್ಣ. "ನನ್ನ ಮುಖನ ಒಂದಿನಾನೂ ಇಷ್ಟು ಹೊತ್ತು ನೋಡಿದವರಲ್ಲ" ಎಂದು ಹೆಂಡತಿ ಛೇಡಿಸುತ್ತಾರೆ. ಇಪ್ಪತ್ತಾರು ವರ್ಷದ ಕಾವಲು. ಮೊದಮೊದಲು, ಬಂದವರಿಗೆ ಚಿತ್ರ ಎದ್ದು ಕಾಣಲೆಂದು ಚೊಂಬಿನಿಂದ ನೀರು ಎರಚುತ್ತಿದ್ದರು. ಒದ್ದೆಯಾದೊಡನೆ ಮಸುಕು ಜಿಂಕೆ ಕೆಂಪಗೆ ಹೊಳೆಯುತ್ತಿತ್ತು. ಜನ ಚಪ್ಪಾಳೆ ತಟ್ಟಿದರೆ ಇವರು ಉಬ್ಬಿಹೋಗುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ನೀರು ಆರುವಾಗ ಕಲ್ಲೊಳಗಿನ ಉಪ್ಪು ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆಂದು ತಜ್ಞೆಯೊಬ್ಬರು ಬಂದು ತೋರಿಸುವ ಹೊತ್ತಿಗೆ, ಜಿಂಕೆಯ ಎರಡು ಕೊಂಬು ಮಾತ್ರ ಉಳಿದಿದ್ದವು.

"ಯಾರು ನೀರು ಹಾಕಿದ್ದು ಅಂದ್ರು ಮೇಡಂ. ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನಾನೇ ಅಂದೆ. ಮೂರು ದಿನ ಊಟ ಸೇರ್ಲಿಲ್ಲ."

ಅಂದಿನಿಂದ ಬಾಟಲಿಗಳೆಲ್ಲ ಕೆಳಗಿನ ಗೇಟಿನಲ್ಲೇ ಉಳಿಯುತ್ತವೆ. ದಿನಕ್ಕೆ ಅರವತ್ತು ಮಂದಿ ಬರುತ್ತಾರೆ, ಬೈಗುಳಕ್ಕೂ ಬರವಿಲ್ಲ. ಬಾಯಾರಿಕೆ ಎಂದವರಿಗೆ ಅಲ್ಲೇ ಹೊಟ್ಟೆ ತುಂಬ ನೀರು ಕುಡಿಸಿ ಮೇಲಕ್ಕೆ ಬಿಡುತ್ತಾರೆ.

ಬರುವ ತಿಂಗಳು ನಿವೃತ್ತಿ. ಹೊಸ ಕಾವಲುಗಾರ್ತಿ ಸೇರಿ ವಾರವಾಗಿದೆ. ಚಪ್ಪಾಳೆಯ ರುಚಿ ಬಲ್ಲವರಾದ್ದರಿಂದ ಬಂಡೆಯಣ್ಣನಿಗೆ ಅವಳದ್ದೇ ಚಿಂತೆ. ಇವತ್ತು ಪ್ರವಾಸಿಯೊಬ್ಬರು, "ಏನೂ ಕಾಣ್ತಿಲ್ಲ, ಸ್ವಲ್ಪ ನೀರು ಚಿಮುಕಿಸಮ್ಮ" ಎನ್ನುತ್ತಾರೆ. ಬಂಡೆಯಣ್ಣ ಅವಳತ್ತ ತಿರುಗುತ್ತಾರೆ.

"ಕಣ್ಣು ಹೊಂದ್ಕೊಳ್ಳೋವರೆಗೂ ನಿಂತ್ಕೊಳ್ಳಿ ಸರ್, ತಾನಾಗೇ ಕಾಣುತ್ತೆ" ಎನ್ನುತ್ತಾಳೆ ಅವಳು. ಪ್ರವಾಸಿ ಗೊಣಗುತ್ತಲೇ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಗೂಳಿ ಕಾಣುತ್ತದೆ.

ಪ್ರವಾಸಿ ಇಳಿದು ಹೋದ ಮೇಲೆ ಬಂಡೆಯಣ್ಣ ಅವಳನ್ನು ಆ ಕೊಂಬುಗಳ ಮುಂದೆ ನಿಲ್ಲಿಸುತ್ತಾರೆ.

"ನಾಳೆಯಿಂದ ಬಂದವ್ರಿಗೆಲ್ಲ ಮೊದಲು ಇದನ್ನ ತೋರ್ಸಮ್ಮ. ಜಿಂಕೆ ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಆಗ ನನ್ನ ಹೆಸರು ಹೇಳು. ಸಂಕೋಚ ಪಡ್ಬೇಡ."