ನಲವತ್ತು ಸೆಕೆಂಡಿನ ವಿಭೂತಿ

ನರಸೀಪುರದ ಅಕ್ಕನ ಮನೆಗೆ ಗೋಡೆಯಷ್ಟು ಅಗಲದ ಟಿವಿ ಬಂದ ದಿನದಿಂದ ನಮ್ಮ ವಂಶದ ಹಳೆಯ ವಿಡಿಯೋಗಳಿಗೆ ಕಷ್ಟಕಾಲ ಶುರುವಾಯಿತು. ಫೋರ್‌ಕೆ ಎಂಬ ಆ ಟಿವಿಯಲ್ಲಿ ಕ್ರಿಕೆಟ್ ಆಟಗಾರನ ಗಡ್ಡದ ಕೂದಲು ಎಣಿಸಬಹುದಿತ್ತು. ನಮ್ಮವರು ಮಾತ್ರ ಬಚ್ಚಲುಮನೆಯ ಹಬೆಯಲ್ಲಿ ನಿಂತವರಂತೆ ಕಾಣುತ್ತಿದ್ದರು. ಹತ್ತು ಹನ್ನೆರಡು ವರ್ಷದ ಹಿಂದೆ ಆ ಮನೆಯ ಗೃಹಪ್ರವೇಶವನ್ನು ಚಿತ್ರಿಸಿದವನು ನಾನೇ. ಇದು ಎಚ್‌ಡಿ, ಇದಕ್ಕಿಂತ ಸ್ಪಷ್ಟವಾಗಿ ಕಾಣಬೇಕೆಂದರೆ ಕಣ್ಣಾರೆ ನೋಡಬೇಕಷ್ಟೆ ಎಂದು ಆಗ ಎಲ್ಲರಿಗೂ ಭಾಷಣ ಮಾಡಿದ್ದೆ.

ಭಾವ ಯಾರ ಹತ್ತಿರವೂ ಏನನ್ನೂ ಕೇಳುವವರಲ್ಲ. ಪಂಕ್ತಿಯಲ್ಲಿ ಉಪ್ಪು ಸಾಲದಿದ್ದರೂ ಬಾಯಿ ಬಿಡುವುದಿಲ್ಲ. ಅಂಥವರು ಈ ಸಲ ಕೇಳಿದರು. ಆ ವಿಡಿಯೋದಲ್ಲಿ ಅವರ ತಾಯಿ ಇದ್ದಾರೆ, ಈಗ ಇಲ್ಲ. ಫೋಟೋ ಎರಡು ಮೂರು ಉಂಟು. ಆದರೆ ಓಡಾಡುವ, ಕೈಯಾಡಿಸುವ ಅವ್ವ ಉಳಿದಿರುವುದು ಅದೊಂದರಲ್ಲೇ. ಅದರಲ್ಲೂ ಎದುರಿಗೆ ನಿಂತು ಕಾಣುವುದು ನಲವತ್ತು ಸೆಕೆಂಡು: ಪೂಜೆಗೆ ಕೂತ ಮಗನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚುತ್ತಾರೆ. ಅದನ್ನು ಹೊಸ ಟಿವಿಗೆ ಹೊಂದುವಂತೆ ಮಾಡಿಕೊಡಲು ಆಗುತ್ತದೆಯೇ ಎಂದರು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ನಂಜನಗೂಡಿಗೆ ಮರಳಿ, ಲ್ಯಾಪ್‌ಟಾಪಿನ ಎಡಿಟಿಂಗ್ ಸಾಫ್ಟ್‌ವೇರಿನ ಮುಂದೆ ಕೂತೆ. ನಾನು ಕಚೇರಿಯೊಂದರಲ್ಲಿ ಮೂವತ್ತು ವರ್ಷ ಹಳೆಯ ಪತ್ರಗಳ ನಕಲು ಬರೆದುಕೊಟ್ಟು ನಿವೃತ್ತನಾದವನು. ಮೂಲದಲ್ಲಿ ಕಾಗುಣಿತ ತಪ್ಪಿದ್ದರೆ ನಕಲಿನಲ್ಲೂ ತಪ್ಪಬೇಕು, ಅದು ನಮ್ಮ ಧರ್ಮ. ಸಾಫ್ಟ್‌ವೇರಿನ ಧರ್ಮ ಬೇರೆ. ಅದು ಒಂದು ಚುಕ್ಕೆಯನ್ನು ನಾಲ್ಕು ಮಾಡುತ್ತದೆ. ಹೆಚ್ಚಿನ ಮೂರರಲ್ಲಿ ಏನಿರಬೇಕೆಂದು ಅಕ್ಕಪಕ್ಕದ ಚುಕ್ಕೆಗಳನ್ನು ವಿಚಾರಿಸಿ, ಊಹಿಸಿ, ತಾನೇ ಬರೆಯುತ್ತದೆ. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಸಂಜೆಯೊಳಗೆ ಸಸ್ಪೆಂಡ್ ಆಗುತ್ತಿದ್ದರು.

ಎಡಕ್ಕೂ ಬಲಕ್ಕೂ ಜಾರಿಸುವ ಗುಂಡಿಗಳ ಸಾಲಿನಲ್ಲಿ ಒಂದಕ್ಕೆ ‘ನಾಯ್ಸ್ ರಿಡಕ್ಷನ್’ ಎಂಬ ಹೆಸರಿತ್ತು. ನಾಯ್ಸ್ ಎಂದರೆ ಗದ್ದಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನು ಒಂದೇ ಏಟಿಗೆ ಪಾಸು ಮಾಡಿದ ನನಗೆ ಅದರಲ್ಲಿ ಅನುಮಾನವಿರಲಿಲ್ಲ. ಆ ನಲವತ್ತು ಸೆಕೆಂಡೂ ವಾಲಗದವರು ಕ್ಯಾಮೆರಾದ ಪಕ್ಕದಲ್ಲೇ ನಿಂತು ಊದಿದ್ದರು. ಭಾವ ತಾಯಿಯನ್ನು ನೆಮ್ಮದಿಯಾಗಿ ನೋಡಲಿ ಎಂದು ಗುಂಡಿಯನ್ನು ಕೊನೆಯವರೆಗೂ ಜಾರಿಸಿದೆ.

ಬೆಳಗಿನ ತಿಂಡಿಗೆ ಶುರುವಾದ ಕೆಲಸ ಮುಗಿದಾಗ ಮಧ್ಯಾಹ್ನದ ಊಟವಾಗಿತ್ತು. ಲ್ಯಾಪ್‌ಟಾಪ್ ಕಾದ ಹೆಂಚಿನಂತಾದಾಗ ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಒಲೆಯ ಮುಂದೆ ನಿಲ್ಲುವ ತನಗೆ ಈ ಭಾಗ್ಯ ಇದುವರೆಗೂ ಬಂದಿಲ್ಲವೆಂದು ಹೆಂಡತಿ ಅಡುಗೆಮನೆಯಿಂದಲೇ ಆಕ್ಷೇಪಣೆ ದಾಖಲಿಸಿದಳು. ಸಣ್ಣ ಪರದೆಯಲ್ಲಿ ನೋಡಿದರೆ ಎಲ್ಲವೂ ಥಳಥಳ. ವಾಲಗ ಮಾತ್ರ ಮೊದಲಿನಷ್ಟೇ ಜೋರಾಗಿತ್ತು. ಮಂಗಳವಾದ್ಯದ ಮೇಲೆ ಯಂತ್ರಕ್ಕೂ ಗೌರವವಿರಬೇಕು ಎಂದುಕೊಂಡು, ಪೆನ್‌ಡ್ರೈವ್ ಜೇಬಿಗಿಳಿಸಿ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ಭಾವ ಮುಖ ತೊಳೆದು, ಹೊಸದಾಗಿ ವಿಭೂತಿ ಇಟ್ಟುಕೊಂಡು, ಸೋಫಾದ ತುದಿಯಲ್ಲಿ ಕೂತರು. ಟಿವಿ ಹಚ್ಚಿದಾಗ ಮೊದಲು ಬಾಯಿ ತೆರೆದವಳು ಅಕ್ಕ.

“ಅತ್ತೆಗೆ ಒಂದ್ ಸುಕ್ಕೂ ಇಲ್ವಲ್ಲೋ. ನನ್ಗಿಂತ ಚಿಕ್ಕೋರಂಗೆ ಕಾಣ್ತಾರೆ. ಬದ್ಕಿದ್ರೆ ನಿನ್ನ ಕೂರ್ಸಿ ಒಬ್ಬಟ್ಟು ಆಕೋರು.”

ಭಾವ ನಗಲಿಲ್ಲ. ತಾಯಿಯ ಕೈ ಮೇಲೆದ್ದಿತು, ಮೂರು ಬೆರಳು ಮಗನ ಹಣೆಯ ಮೇಲೆ ನಿಧಾನವಾಗಿ ಹಾದವು, ಕೈ ಸರಿಯಿತು. ಹಣೆ ತೊಳೆದಿಟ್ಟ ತಟ್ಟೆಯಂತಿತ್ತು. ತಾಯಿಯ ಹಣೆಯೂ ಹಾಗೇ ಬರಿದು.

“ಏನಯ್ಯಾ ಇದು,” ಎಂದರು ಮೆಲ್ಲಗೆ. “ಅವ್ವ ಇಬೂತಿ ಅಚ್ತಾವ್ಳೆ. ಅಣೆ ಮ್ಯಾಲೆ ಒಂದ್ ಗೆರೆನೂ ಇಲ್ಲ.”

ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ನೋಡುತ್ತಲೇ ಅವರ ಕೈ ತಮ್ಮ ಹಣೆಗೆ ಹೋಗಿ, ಅಲ್ಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಜಗಲಿಗೆ ಬಂದು, ಮದುವೆ ವಿಡಿಯೋ ಮಾಡುವ ನಂಜನಗೂಡಿನ ಸ್ಟುಡಿಯೋದವರಿಗೆ ಫೋನು ಹಚ್ಚಿದೆ. ಅವರು ಹದಿನಾರು ಎಂಬ ಊರಿನಲ್ಲಿ ಯಾವುದೋ ಚಪ್ಪರದ ಕೆಳಗಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

“ನಾಯ್ಸ್ ಅಂದ್ರೆ ಸೌಂಡ್ ಅಲ್ಲ ಸಾ. ಚಿತ್ರದ ಮ್ಯಾಲೆ ರಾಗಿ ಚೆಲ್ದಂಗೆ ಕಾಳುಕಾಳು ಬತ್ತದಲ್ಲ, ಅದು. ನೀವು ಫುಲ್ ಎಳ್ದಿದ್ದೀರಿ. ಇಬೂತೀನೂ ಧೂಳು ಅಂದ್ಕೊಂಡು ಒರಸಾಕ್ಬುಟ್ಟದೆ.”

ವಿಭೂತಿಯೂ ಬೂದಿಯೇ ತಾನೆ, ತಾಂತ್ರಿಕವಾಗಿ ಯಂತ್ರದ ತಪ್ಪು ಸಣ್ಣದು ಎಂಬ ವಾದ ನನ್ನ ಬಾಯಿಯವರೆಗೂ ಬಂದಿತ್ತು. ಒಳಗೆ ಟಿವಿಯ ಮುಂದೆಯೇ ಕೂತಿದ್ದ ಭಾವನನ್ನು ಕಂಡು ನುಂಗಿಕೊಂಡೆ.

ಮರುದಿನ ಆ ಗುಂಡಿಯನ್ನು ಸೊನ್ನೆಗೆ ತಂದು, ಮತ್ತೆ ತಿಂಡಿಯಿಂದ ಊಟದವರೆಗೆ ಕಾದು, ಮತ್ತೆ ಬಸ್ಸು ಹತ್ತಿದೆ. ಈ ಸಲ ತಾಯಿಯ ಸುಕ್ಕುಗಳು ಒಂದೂ ತಪ್ಪದೆ ಹಾಜರಿದ್ದವು. ರಾಗಿಯೂ ಇತ್ತು, ಗೋಡೆಯ ಮೇಲೆ, ಸೀರೆಯ ಮೇಲೆ ಸಣ್ಣಗೆ ಗಿಜಿಗುಡುತ್ತಿತ್ತು. ಬೆರಳುಗಳು ಹಾದವು, ಕೈ ಸರಿಯಿತು. ಹಣೆಯ ಮೇಲೆ ಮೂರು ಗೆರೆ ಬೆಳ್ಳಗೆ ಉಳಿದವು.

ಭಾವ ಎದ್ದು ಟಿವಿಯ ಹತ್ತಿರ ಹೋಗಿ ನಿಂತರು.

“ಮಧ್ಯದ್ದು ಸೊಟ್ಟ,” ಎಂದರು. “ಯಾವಾಗ್ಲೂ ಅಂಗೇ ಎಳಿಯೋಳು.”

ಅಕ್ಕ ಕಾಫಿಗೆ ಎದ್ದಳು. ಅಂದು ಅದನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ನಾನು ಹೊರಟಾಗ ಭಾವ ಬಾಗಿಲವರೆಗೆ ಬಂದು ಇನ್ನೂ ಒಂದನ್ನು ಕೇಳಿದರು. ಊಟದ ಪಂಕ್ತಿಯಲ್ಲಿ ಅವ್ವ ಮಜ್ಜಿಗೆ ಹಿಡಿದುಕೊಂಡು ಎಲ್ಲೋ ಒಂದು ಕಡೆ ಅಡ್ಡ ಹಾಯುತ್ತಾಳೆ, ಅದೂ ಆಗಬಹುದೇ ಎಂದು. ಎಲ್ಲಿ ಎಂಬುದು ಅವರಿಗೂ ನೆನಪಿರಲಿಲ್ಲ.

ಹೀಗಾಗಿ ನೆಂಟರಿಷ್ಟರೆಲ್ಲ ಉಣ್ಣುವುದನ್ನು ಒಂದು ಗಂಟೆಗೂ ಮೇಲ್ಪಟ್ಟು ಕಣ್ಣಿಟ್ಟು ನೋಡಿದೆ. ಅದರಲ್ಲಿ ಅರ್ಧ ಜನ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಉಣ್ಣುತ್ತಾರೆ. ಕೊನೆಗೆ ಪಾಯಸದ ಬಕೆಟ್ಟಿನ ಹಿಂದೆ ಅವ್ವ ಸಿಕ್ಕರು, ಮೂರೇ ಸೆಕೆಂಡು. ಫೋನು ಮಾಡಿ, ಮುಖ ಬಂದಿಲ್ಲ ಭಾವ, ಬೆನ್ನು ಮಾತ್ರ ಎಂದೆ.

“ಬೆನ್ನೇ ಸಾಕು, ತಗೊಂಡ್ ಬಾರಯ್ಯ.”