ತತ್ತಿಯಿಲ್ಲದ ಕಸ್ಟರ್ಡ್

ಜೇವರ್ಗಿಯ ನಮ್ಮ ಓಣಿಯಲ್ಲಿ ರಂಜಾನ್ ಹಬ್ಬಕ್ಕೆ ಪಕ್ಕದ ಮನೆಯಿಂದ ನಮಗೆ ಬರುತ್ತಿದ್ದುದು ಕಚ್ಚಾ ಸಾಮಾನು. ಹಾಲು, ಶಾವಿಗೆ, ಸಕ್ಕರೆ, ನಾಲ್ಕು ಗೋಡಂಬಿ. ನಮ್ಮದು ಲಿಂಗ ಕಟ್ಟುವ ಮನೆ. ಅವರು ಬೇಯಿಸಿದ್ದನ್ನು ನಾವು ಉಣ್ಣುವುದಿಲ್ಲವೆಂದು ತಿಳಿದು, ನಮ್ಮ ಒಲೆಯ ಮೇಲೆ ನಾವೇ ಸುರಕುಂಬಾ ಪಾಯಸ ಮಾಡಿಕೊಳ್ಳಲೆಂದು ಕೊಡುತ್ತಿದ್ದರು.

ನನ್ನ ಹೆಂಡತಿಗೆ ಗಂಟಲ ರೋಗ ಬಂದ ವರ್ಷ ಆ ಮನೆಯಾಕೆ ಬೇಯಿಸಿದ್ದನ್ನೇ ತಂದಳು. ಹೊಸ ಸ್ಟೀಲ್ ಡಬ್ಬಿಯಲ್ಲಿ ಹಳದಿ ಕಸ್ಟರ್ಡ್. ಚುಚ್ಚೀತೆಂದು ಹಣ್ಣಿನ ಹೋಳನ್ನೂ ಹಾಕಿರಲಿಲ್ಲ.

"ಹೊಸಾ ಪಾತೇಲಿಯಾಗ ಮಾಡೇನ್ರಿ ಅಣ್ಣಾರ. ಅಕ್ಕಗ ಶಾವಿಗಿ ನುಂಗಾಕ ಆಗಂಗಿಲ್ಲ. ಇದು ತಣ್ಣಗ ಜಾರಿ ಹೋಗ್ತದ" ಎಂದಳು.

"ಭಾಳ ಛಲೋ ಆತವ್ವ" ಎಂದು ಇಸಿದುಕೊಂಡೆ.

ಆ ಬಣ್ಣ ತತ್ತಿಯದೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಿಂದೆ ಅಫಜಲಪುರದಲ್ಲಿ ಕೆಲಸಕ್ಕಿದ್ದಾಗ, ಕಸ್ಟರ್ಡ್ ಎಂದರೆ ಹಾಲಿಗೆ ತತ್ತಿ ಒಡೆದು ಕಾಯಿಸುವುದು ಎಂದು ಹೋಟೆಲಿನವನೊಬ್ಬ ಹೇಳಿದ್ದ. ಆಕೆಯನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಮಂಚದ ಮೇಲಿಂದ ಹೆಂಡತಿ ಕ್ಷೀಣ ದನಿಯಲ್ಲಿ, "ಏನ್ರೀ ಅದು, ಘಮಾ ಅನ್ನಾಕತ್ತದ. ಒಂದ್ ಚಮಚ ತರ್ರಿ" ಎಂದಳು.

"ತತ್ತಿ ಅದ ಅದ್ರಾಗ. ಸಾಯೋ ಕಾಲಕ್ಕ ಬಾಯಿ ಕೆಡಿಸ್ಕೋತಿಯೇನ್ಬೇ?"

ಅಂದದ್ದು ನಾನೇ. ಆಕೆ ಗೋಡೆಯ ಕಡೆ ಹೊರಳಿದಳು. ನಾನು ಹಿತ್ತಲಿನ ಮೋರಿಗೆ ಡಬ್ಬಿ ಬಗ್ಗಿಸಿ, ಮೇಲೆ ಎರಡು ಚೊಂಬು ನೀರು ಸುರಿದೆ.

ಸಂಜೆ ಡಬ್ಬಿ ಒಯ್ಯಲು ಬಂದ ಪಕ್ಕದ ಮನೆಯಾಕೆಗೆ, "ಎಲ್ಲಾ ತಿಂದ್ಲವ್ವ, ಇನ್ನಷ್ಟ್ ಬೇಕಂದ್ಲು" ಎಂದೆ. ಆಕೆ ಅದನ್ನು ನಂಬಿ ಎರಡು ದಿನಕ್ಕೊಮ್ಮೆ ತರತೊಡಗಿದಳು. ಪ್ರತಿ ಸಲವೂ ಅದು ಮೋರಿಗೇ ಹೋಯಿತು. ಒಮ್ಮೆ ಮಂಚದ ಬದಿಗೆ ಕುಳಿತು, "ರುಚಿ ಇತ್ತೇನಕ್ಕ?" ಎಂದು ಕೇಳಿಯೂಬಿಟ್ಟಳು. ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಆ ತಿಂಗಳು ಮುಗಿಯುವುದರೊಳಗೆ ಹೆಂಡತಿ ತೀರಿಕೊಂಡಳು. ಮಾತಾಡಿಸಲು ಬಂದ ಹೆಂಗಸರ ಮುಂದೆ ಪಕ್ಕದ ಮನೆಯಾಕೆ, "ಅಕ್ಕ ಕಡೀಕ ನನ್ನ ಕೈಲೆ ತಿಂದು ಹೋದ್ಲು, ಅಷ್ಟ ಸಮಾಧಾನ" ಎಂದು ಅತ್ತಳು.

ಹೋದ ದೀಪಾವಳಿಗೆ ಕಡಗಂಚಿಯಲ್ಲಿ ಓದುವ ಮಗಳ ಮಗಳು ಬಂದಿದ್ದಳು. ಒಲೆಯ ಮೇಲೆ ಕಸ್ಟರ್ಡ್ ತಿರುವುತ್ತಿದ್ದಳು. ನಮ್ಮ ಮನೆಯಲ್ಲಿ ತತ್ತಿಯೇ ಎಂದು ಗದರಿದೆ.

"ಎಲ್ಲದ ಮುತ್ಯಾ ತತ್ತಿ? ಮೆಕ್ಕಿಜ್ವಾಳದ ಹಿಟ್ಟದು. ಕನ್ನಡಕ ಹಾಕ್ಕೊಂಡು ನೋಡು" ಎಂದು ನಗುತ್ತ ಪೊಟ್ಟಣದ ಮೇಲಿನ ಹಸಿರು ಗುರುತು ತೋರಿಸಿದಳು. ಮೊಬೈಲಿನಲ್ಲಿ ಹುಡುಕಿ ಓದಿಯೂ ಹೇಳಿದಳು. ಕಸ್ಟರ್ಡ್ ಎಂಬ ಹೆಸರು ರೊಟ್ಟಿಯ ಗಟ್ಟಿ ಹೊರಪದರಕ್ಕಿದ್ದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದಂತೆ. ಮೊದಲು ಹಿಟ್ಟಿನ ಗಟ್ಟಿ ಕವಚದೊಳಗೆ ಹಾಲು, ತತ್ತಿ ತುಂಬಿ ಸುಡುತ್ತಿದ್ದರಂತೆ. ಬರಬರುತ್ತ ಕವಚ ಹೋಗಿ ಒಳಗಿನದಕ್ಕೇ ಆ ಹೆಸರು ಉಳಿಯಿತು. ಈ ಪುಡಿಯಲ್ಲಿ ತತ್ತಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಒಬ್ಬಾತ ತನ್ನ ಹೆಂಡತಿಗೆ ತತ್ತಿ ಒಗ್ಗುವುದಿಲ್ಲವೆಂದು, ಆಕೆಯೂ ತಿನ್ನಲೆಂದು ಇದನ್ನು ಮಾಡಿದನಂತೆ.

ನಾನು ಎದ್ದು ಹಿತ್ತಲಿಗೆ ಹೋದೆ. ಆ ಮೋರಿಯ ಹತ್ತಿರ ನಿಲ್ಲಲು ಆಗಲಿಲ್ಲ.

ಮರುದಿನ ಪಕ್ಕದ ಮನೆಗೆ ಹೋದೆ. ಆಕೆ ತೊಗರಿ ಬೇಳೆ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಕೆಯ ಕೈ ಮೊರದಲ್ಲೇ ನಿಂತಿತು.

"ಅಕ್ಕ ಹೌದಂದಿದ್ಲಲ್ರಿ."

"ನನ್ನ ಮಾನ ಕಾಯಾಕ ಅಂದ್ಲವ್ವ."

"ಒಂದ್ ಮಾತು ಕೇಳಿದ್ರ ಪುಡಿ ಡಬ್ಬಿ ತೋರಸ್ತಿದ್ನಲ್ರೀ ಅಣ್ಣಾರ" ಎಂದಳು. ಬೈಯಲಿಲ್ಲ. ಮತ್ತೆ ಬೇಳೆ ಆರಿಸತೊಡಗಿದಳು.

ಈ ರಂಜಾನಿಗೆ ಆ ಮನೆಯಿಂದ ಮತ್ತೆ ಕಚ್ಚಾ ಸಾಮಾನೇ ಬಂತು. ಹಾಲು, ಸಕ್ಕರೆ, ಜೊತೆಗೆ ಒಡೆಯದ ಒಂದು ಕಸ್ಟರ್ಡ್ ಪೊಟ್ಟಣ. ಕುದಿಯುವ ಹಾಲಿಗೆ ಪುಡಿ ಸುರಿದೆ. ಗಂಟುಗಂಟಾಯಿತು. ಆದರೂ ಒಂದು ಬಟ್ಟಲು ಆಕೆಗೆ ಒಯ್ದೆ.

ಆಕೆ ಮುಚ್ಚಳ ತೆಗೆದು ನೋಡಿ, "ಪುಡಿ ಮೊದಲ ತಣ್ಣನ ಹಾಲಾಗ ಕಲಸಬೇಕ್ರಿ" ಎಂದು ಬಟ್ಟಲನ್ನು ಒಳಗೆ ಒಯ್ದಳು.

ಮರುದಿನ ಬಟ್ಟಲು ತೊಳೆದು ವಾಪಸು ಬಂತು. ತಿಂದಳೋ ಇಲ್ಲವೋ ಎಂದು ಕೇಳುವ ಮುಖ ನನಗಿರಲಿಲ್ಲ.