ಕೋಡಿ ನೀರಿಗೆ ಮುಹೂರ್ತ

ನೆಲದಿಂದ ಒಂದು ಅಡಿ ಏಳು ಅಂಗುಲ. ಚಿಕ್ಕಪ್ಪನ ರೇಷ್ಮೆ ಹುಳು ಮನೆಯ ಗೋಡೆಯ ಮೇಲೆ ಕೆಸರಿನ ಗುರುತು ಅಷ್ಟು ಎತ್ತರಕ್ಕಿತ್ತು. ಟೇಪು ಹಿಡಿದು ಅಳೆದವಳು ನಾನೇ. ನೆರೆ ನುಗ್ಗುವ ಜಾಗಗಳ ನಕ್ಷೆ ತಯಾರಿಸುವ ಗುತ್ತಿಗೆ ಕೆಲಸ ನನ್ನದು. ನಕ್ಷೆಯ ಗೆರೆಯೊಳಗೆ ಬಿದ್ದ ಜಾಗದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ನಮ್ಮೂರಿನ ನಕ್ಷೆಯ ಹಾಳೆಯೂ ನನ್ನ ಪಾಲಿಗೇ ಬಂದಿತ್ತು.

ಕೆರೆ ವರ್ಷಗಟ್ಟಲೆ ಒಣಗಿದ್ದಾಗ ಊರಿನವರು ಕೋಡಿಯ ಕೆಳಗಿನ ಕಾಲುವೆಯನ್ನು ಮಟ್ಟ ಮಾಡಿಕೊಂಡರು. ಚಿಕ್ಕಪ್ಪ ಅದರ ಮೇಲೆಯೇ ರೇಷ್ಮೆ ಹುಳು ಸಾಕುವ ಮನೆ ಕಟ್ಟಿದರು. ನೀರು ಇನ್ನೆಂದೂ ಬಾರದು ಎಂಬುದು ಅವರ ಭೂಗೋಳ ಜ್ಞಾನ. ಹೋದ ಮಳೆಗಾಲದಲ್ಲಿ ಕೆರೆ ತುಂಬಿತು. ತಾನಾಗಿ ಹರಿಯಲು ಬಿಟ್ಟಿದ್ದರೆ ಪಾದ ನೆನೆಯುತ್ತಿತ್ತು, ಅಷ್ಟೆ. ಆದರೆ ಕೋಡಿ ಬೀಳುವಾಗ ಬಾಗಿನ ಅರ್ಪಿಸಲು ದೊಡ್ಡ ಮನುಷ್ಯರೊಬ್ಬರು ಬರಬೇಕಿತ್ತು, ಅವರಿಗೆ ಬಿಡುವಿರಲಿಲ್ಲ. ಅಲ್ಲಿಯವರೆಗೆ ನೀರು ಕಾಯಲಿ ಎಂದು ಊರಿನವರು ಕೋಡಿಗೆ ಮರಳಿನ ಚೀಲ ಪೇರಿಸಿದರು. ಚಿಕ್ಕಪ್ಪನೂ ಉತ್ಸಾಹದಿಂದ ಚೀಲ ಹೊತ್ತರು. ಮೂರನೆಯ ದಿನ ಚೀಲಗಳು ಒಟ್ಟಿಗೆ ಕಿತ್ತುಕೊಂಡು ಹೋದವು. ಗೂಡು ಕಟ್ಟಲು ನಾಲ್ಕೇ ದಿನ ಉಳಿದಿದ್ದ ಹುಳುಗಳು ಕೆಸರಿನಲ್ಲಿ ಸತ್ತವು. ದೊಡ್ಡ ಮನುಷ್ಯರು ಮರುವಾರ ಬಂದು, ಉಳಿದಿದ್ದ ನೀರಿಗೇ ಬಾಗಿನ ಬಿಟ್ಟು ಫೋಟೊ ತೆಗೆಸಿಕೊಂಡರು.

ಈಗ ಚಿಕ್ಕಪ್ಪ ಆ ಹುಳು ಮನೆ ಕೆಡವಿ, ನರಸಾಪುರದ ಕಂಪನಿಗಳಿಗೆ ಹೋಗುವ ಹುಡುಗಿಯರಿಗೆ ಬಾಡಿಗೆ ಕೋಣೆ ಕಟ್ಟಲು ಹೊರಟಿದ್ದರು. ಪಾಳಿ ಮುಗಿಸಿ ಬಂದು ನೆಲದ ಮೇಲೆ ಚಾಪೆ ಹಾಸಿ ಮಲಗುವ ಹುಡುಗಿಯರು. ಒಂದು ಸಂಜೆ ನನ್ನನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು ಕೂರಿಸಿದರು.

"ಆ ಗೆರೆ ಒಂಚೂರು ರಸ್ತೆ ಕಡೆಗೆ ಎಳ್ದುಬಿಡಮ್ಮಾ. ಗೆರೆ ತಾನೇ?"

"ಅದು ನೀರು ಬಂದ ದಾರಿ, ಚಿಕ್ಕಪ್ಪ."

"ವರ್ಷಾ ವರ್ಷಾ ಬರ್ತೈತಾ? ಬಂದ್ರೂ ಈ ಸಲ ಚೀಲ ಗಟ್ಟಿಯಾಗಿ ಕಟ್ತೀವಿ ಬಿಡು."

ಒಳಗಿನಿಂದ ಚಿಕ್ಕಮ್ಮ ಕೂಗಿದರು: "ಅವಳ್ಗೇನ್ ಹೇಳ್ತೀರಾ ಬಿಡ್ರೀ! ಅಷ್ಟೆಲ್ಲಾ ಓದಿರೋದೇ ನಮ್ಮ ಜಾಗದ ಮೇಲೆ ಗೀಟು ಎಳೆಯೋಕೆ!"

"ಮಳೆಗಾಲದಲ್ಲಿ ಆ ರೂಮಲ್ಲಿ ನೀವು ಮಲಗ್ತೀರಾ?" ಎಂದು ಕೇಳಿದೆ.

"ನಮಗ್ಯಾಕಮ್ಮಾ?" ಚಿಕ್ಕಪ್ಪ ನಿಜವಾಗಿಯೂ ನಕ್ಕರು. "ನಮ್ಗೆ ದಿಣ್ಣೆ ಮೇಲೆ ಮನೆ ಐತಲ್ಲ!"

ಕಾಫಿ ಮುಗಿಸಿ ಎದ್ದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋಗಿ, ಕಚೇರಿಯ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದು, ನಮ್ಮೂರಿನ ಹಾಳೆಗೆ ಗೆರೆ ಇದ್ದ ಹಾಗೆಯೇ ಸಹಿ ಹಾಕಿ ಕೊಟ್ಟೆ.